ಸಾಗರದ ಮಕ್ಕಳ ಚಿತ್ರಪ್ರದರ್ಶನ: ಹಿಂದಿನ ಗೋಡೆಯನ್ನು ಯಾರಾದರೂ ನೋಡಿದಿರಾ?

ಅಡಿಕೆ ತೋಟದವ (ಚರ್ಚೆ ಆರಂಭಿಸಿದವರು) · ಶನಿವಾರ ಸಂಜೆ

ಇಂದು ಬೆಳಿಗ್ಗೆ ಮಂಡಿಯ ಕೆಲಸ ಮುಗಿಸಿಕೊಂಡು ಬರುವಾಗ ಸಾಗರ ಪೇಟೆಯ ಶಾಲೆಯೊಂದರ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದು ಕಂಡು ಒಳಗೆ ಹೋದೆ. ಸುತ್ತಲಿನ ಹಳ್ಳಿಗಳ ಶಾಲಾ ಮಕ್ಕಳು ಬರೆದ ಚಿತ್ರಗಳ ಎರಡು ದಿನದ ಪ್ರದರ್ಶನ ಅಲ್ಲಿ ನಡೆಯುತ್ತಿದೆ. ನಾಳೆ ಸಂಜೆ ಐದು ಗಂಟೆಗೆ ಮುಗಿಯುತ್ತದೆ. ಹೋಗದವರು ದಯವಿಟ್ಟು ಹೋಗಿ ಬನ್ನಿ ಎಂದು ಹೇಳುವುದಕ್ಕಾಗಿ ಈ ಚರ್ಚೆಯನ್ನು ಆರಂಭಿಸಿದ್ದೇನೆ. ಜೊತೆಗೆ ನನ್ನದೊಂದು ತಕರಾರೂ ಇದೆ.

ಬಾಗಿಲ ಎದುರಿನ ಗೋಡೆಯಲ್ಲಿ ಬಹುಮಾನ ಪಡೆದ ಚಿತ್ರಗಳನ್ನು ತೂಗುಹಾಕಿದ್ದಾರೆ. ಎರಡು ಗುಡ್ಡ, ಅವುಗಳ ನಡುವೆ ಅರ್ಧ ಸೂರ್ಯ, ಗುಡ್ಡದಿಂದ ಇಳಿದು ಬರುವ ಹೊಳೆ, ಹೊಳೆಯ ಪಕ್ಕದಲ್ಲಿ ಹೆಂಚಿನ ಮನೆ, ಮನೆಗೆ ಒರಗಿದಂತೆ ಒಂದು ತೆಂಗಿನ ಮರ, ಆಕಾಶದಲ್ಲಿ ಟಿಕ್ ಮಾರ್ಕಿನಂತಹ ಹಕ್ಕಿಗಳು. ನಾವೆಲ್ಲ 'ಸೀನರಿ' ಎಂದು ಕರೆಯುವ ಈ ಚಿತ್ರದ ಪ್ರತಿಗಳನ್ನು ಎಣಿಸಿದೆ, ಹನ್ನೊಂದು ಇದ್ದವು. ಸಾಗರದ ಆಸುಪಾಸಿನಲ್ಲಿ ಐವತ್ತು ವರ್ಷಗಳಿಂದ ಬದುಕಿರುವ ನಾನು ಸೂರ್ಯ ಎರಡು ಗುಡ್ಡಗಳ ಸಂದಿನಿಂದ ಹುಟ್ಟಿದ್ದನ್ನು ಒಮ್ಮೆಯೂ ಕಂಡಿಲ್ಲ. ಅವನು ಅಡಿಕೆ ಮರದ ತಲೆಗಳ ಹಿಂದಿನಿಂದ ಬರುತ್ತಾನೆ, ಅದೂ ಚಳಿಗಾಲದಲ್ಲಿ ಮಂಜು ಕರಗಿ ಎಂಟು ಗಂಟೆಯಾದ ಮೇಲೆ.

ಒಟ್ಟುಹಾಕಿದ ಬೆಂಚುಗಳ ಮರೆಯಲ್ಲಿ, ಹಿಂದಿನ ಗೋಡೆಯಲ್ಲಿ, ಚಿಕ್ಕ ತರಗತಿಗಳ ಮಕ್ಕಳ ಚಿತ್ರಗಳಿವೆ. ಅಲ್ಲಿಗೆ ಹೋದವರು ನಾನು ನೋಡುವಷ್ಟು ಹೊತ್ತು ಮೂರೇ ಜನ. ಒಂದು ಹಾಳೆಯಲ್ಲಿ ಕೊನೆಗಾರನೊಬ್ಬ, ಅಂದರೆ ಅಡಿಕೆ ಗೊನೆ ಕೊಯ್ಯುವವನು, ಅಡಿಕೆ ಮರದ ತುದಿಯಲ್ಲಿದ್ದಾನೆ. ಅವನ ಕೈ ಅವನಿಗಿಂತ ಉದ್ದವಾಗಿದೆ, ಯಾಕೆಂದರೆ ಪಕ್ಕದ ಮರದ ಕೊನೆಗೆ ಕೈ ಎಟುಕಬೇಕಲ್ಲ. ಹಗ್ಗದಲ್ಲಿ ಜಾರಿ ಬರುವ ಕೊನೆಯನ್ನು ಕೆಳಗೆ ಹಿಡಿಯಲು ನಿಂತವನಿಗೆ ದೇಹವೇ ಇಲ್ಲ, ಮೇಲೆ ನೋಡುವ ದೊಡ್ಡ ಮುಖ ಮತ್ತು ಎರಡು ಅಂಗೈ ಮಾತ್ರ. ತೋಟದಲ್ಲಿ ಕೊನೆ ಕೊಯ್ಲು ಮಾಡಿಸಿದ ಯಾರೇ ಆದರೂ ಆ ಚಿತ್ರದ ಎದುರು ಒಂದು ನಿಮಿಷ ನಿಲ್ಲಬೇಕು.

ಇನ್ನೊಂದು ಹಾಳೆಯ ಎದುರು ನಾನು ಹದಿನೈದು ನಿಮಿಷ ನಿಂತೆ. ಅದು ಶರಾವತಿಯ ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವ ಲಾಂಚಿನ, ಅಂದರೆ ವಾಹನಗಳನ್ನೂ ಹೊರುವ ದೋಣಿಯ ಚಿತ್ರ. ನಡುವೆ ನೀಲಿ ನೀರಿನ ಪಟ್ಟೆ, ಅದರ ಮೇಲೆ ಆಯತದಂತಹ ಲಾಂಚು, ಲಾಂಚಿನಲ್ಲಿ ಒಂದು ಬಸ್ಸು ಮತ್ತು ಎರಡು ಜೀಪು. ಬಸ್ಸಿನ ತಗಡು ಪಾರದರ್ಶಕವಾಗಿದೆ. ಒಳಗೆ ಕುಳಿತವರ ಮೊಣಕಾಲು, ಸೀಟಿನ ಕೆಳಗಿಟ್ಟ ಚೀಲ, ಚೀಲದೊಳಗಿನ ಕೋಳಿ ಎಲ್ಲವೂ ಕಾಣುತ್ತವೆ. ಈಚೆ ದಡದ ಜನರು ನೆಟ್ಟಗೆ ನಿಂತಿದ್ದಾರೆ, ಆಚೆ ದಡದ ಜನರೆಲ್ಲ ತಲೆಕೆಳಗಾಗಿದ್ದಾರೆ. ಹಾಳೆಯ ಮೂಲೆಯಲ್ಲಿ ಯಾರೋ ದೊಡ್ಡವರು ಕೆಂಪು ಪೆನ್ನಿನಿಂದ 'ಪ್ರಯತ್ನ ಚೆನ್ನಾಗಿದೆ, ಮನುಷ್ಯರನ್ನು ಸರಿಯಾಗಿ ಬರೆಯಬೇಕು' ಎಂದು ಬರೆದಿದ್ದಾರೆ.

ಪೆನ್ಸಿಲ್ಲಿನಲ್ಲಿ ಬರೆದಿದ್ದರೂ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನನ್ನ ಪ್ರಶ್ನೆ ಇಷ್ಟು: ನಕಲು ಮಾಡಿದ ಸೀನರಿಗೆ ಎದುರಿನ ಗೋಡೆ, ಕಣ್ಣಾರೆ ಕಂಡು ಬರೆದ ಲಾಂಚಿಗೆ ಬೆಂಚಿನ ಮರೆ ಎಂಬುದು ಯಾವ ನ್ಯಾಯ?

ಹೊಳೆಯಾಚೆಯವ · ಶನಿವಾರ ರಾತ್ರಿ

ನಾನು ತುಮರಿ ಕಡೆಯವನು; ಚಿತ್ರವನ್ನು ಇನ್ನೂ ನೋಡಿಲ್ಲ, ನೀವು ವಿವರಿಸಿದ್ದನ್ನು ಓದಿಯೇ ಹೊಟ್ಟೆಯೊಳಗೆ ಏನೋ ಆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿಯ ಹಿನ್ನೀರು ನಮ್ಮನ್ನು ಪೇಟೆಯಿಂದ ಬೇರೆ ಮಾಡಿತು, ಆಮೇಲೆ ಹತ್ತಾರು ವರ್ಷ ನಮ್ಮ ಮದುವೆ, ಹೆರಿಗೆ, ಪರೀಕ್ಷೆ ಎಲ್ಲವೂ ನೀರು ದಾಟುವ ವೇಳೆಯನ್ನು ನೋಡಿಕೊಂಡೇ ನಡೆದವು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಉದ್ಘಾಟನೆಯಾಗಿದೆ. ಈಗ ಒಂದನೆಯ ತರಗತಿಗೆ ಸೇರುವ ಮಗು ನಾಳೆ ಲಾಂಚಿನ ಚಿತ್ರವನ್ನು ಬರೆಯುವುದಿಲ್ಲ, ಸೇತುವೆಯ ತಂತಿಗಳನ್ನು ಬರೆಯುತ್ತದೆ. ಆದ್ದರಿಂದ ಆ ಹಾಳೆಯನ್ನು ಯಾರಾದರೂ ಜೋಪಾನವಾಗಿ ಇಡಬೇಕು.

ಒಂದು ವಿಷಯ ಕೇಳುತ್ತೇನೆ: ನೀವು ಆ ಮಗುವನ್ನು ಮಾತನಾಡಿಸಿದಿರಾ?

ಶಿಕ್ಷಣ ವಿದ್ಯಾರ್ಥಿನಿ, ಶಿವಮೊಗ್ಗ · ಶನಿವಾರ ರಾತ್ರಿ

ಬಿ.ಎಡ್. ಓದುತ್ತಿರುವುದರಿಂದ ಒಂದೆರಡು ಮಾತು ಸೇರಿಸುತ್ತೇನೆ. ತಲೆಕೆಳಗಾದ ಜನರೂ ಪಾರದರ್ಶಕವಾದ ಬಸ್ಸೂ ಆ ಮಗುವಿನ ತಪ್ಪುಗಳಲ್ಲ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಷ್ಟು ಹಿಂದೆಯೇ ಮಕ್ಕಳ ಚಿತ್ರಗಳ ಹಂತಗಳನ್ನು ವಿವರಿಸಿದ್ದಾರೆ. ಗೀಚುವ ವಯಸ್ಸು ದಾಟಿ ಸುಮಾರು ಏಳರಿಂದ ಒಂಬತ್ತು ವರ್ಷದ ಹೊತ್ತಿಗೆ ಮಗು ಹಾಳೆಯಲ್ಲಿ ನೆಲದ ಗೆರೆಯೊಂದನ್ನು ಎಳೆದು ಎಲ್ಲವನ್ನೂ ಅದರ ಮೇಲೆ ನಿಲ್ಲಿಸಲು ಕಲಿಯುತ್ತದೆ. ಎದುರುಬದುರಾಗಿ ಎರಡು ದಡಗಳಿದ್ದರೆ ಪ್ರತಿ ದಡಕ್ಕೂ ಅದರದೇ ನೆಲ. ಆಗ ಹಾಳೆಯನ್ನು ನಡುವೆ ಮಡಚಿದಂತೆ ಜನರು ಎರಡೂ ಕಡೆಗೆ ಬಿದ್ದುಕೊಳ್ಳುತ್ತಾರೆ. ಕಾಣುವುದಕ್ಕಿಂತ ತಿಳಿದಿರುವುದು ಮಗುವಿಗೆ ಮುಖ್ಯವಾದಾಗ ಬಸ್ಸಿನ ತಗಡು ಅಡ್ಡ ಬರುವುದಿಲ್ಲ. ಕೆಂಪು ಪೆನ್ನಿನವರು ದಯವಿಟ್ಟು ಇದನ್ನು ಓದಲಿ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು · ಶನಿವಾರ ರಾತ್ರಿ

ನಾನು ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಗಳಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ತೋಟದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಆ ಹನ್ನೊಂದು ಸೀನರಿಗಳು ಎಲ್ಲಿಂದ ಬರುತ್ತವೆ ಎಂಬುದನ್ನೂ ಹೇಳಬೇಕು.

ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಚಿತ್ರಕಲಾ ಶಿಕ್ಷಕರ ಹುದ್ದೆಯೇ ಇರುವುದಿಲ್ಲ. ಆಡುತ್ತ ಹಾಡುತ್ತ ಕಲಿಯುವ ನಲಿಕಲಿ ತರಗತಿಯ ಚಿಕ್ಕ ಮಕ್ಕಳು ಹಾಡು, ಕಾರ್ಡು, ಗೋಡೆಯ ಮೇಲಿನ ಬರಹ ಎಂದು ಕೈಗೆ ಸಿಕ್ಕಲ್ಲೆಲ್ಲ ಬರೆಯುತ್ತಾರೆ. ಕಲಿಸುವವರಿಲ್ಲದ ಆ ವಯಸ್ಸಿನಲ್ಲಿಯೇ ಅವರ ಚಿತ್ರಗಳು ತುಂಬ ಜೀವಂತವಾಗಿರುತ್ತವೆ ಎಂಬುದು ನನ್ನ ವೃತ್ತಿಗೆ ಅಷ್ಟೇನೂ ಮರ್ಯಾದೆ ತರುವ ಮಾತಲ್ಲ. ಮುಂದೆ ಪ್ರತಿಭಾ ಕಾರಂಜಿ ಎಂಬ ಶಾಲಾ ಮಕ್ಕಳ ಸ್ಪರ್ಧೆ ಬರುತ್ತದೆ. ಸುತ್ತಲಿನ ಶಾಲೆಗಳ ಕ್ಲಸ್ಟರಿನಲ್ಲಿ ಗೆದ್ದರೆ ತಾಲ್ಲೂಕು, ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆ. ವಿಷಯವನ್ನು ಅಲ್ಲಿಯೇ ಕೊಡುತ್ತಾರೆ, ಸಮಯ ಲೆಕ್ಕದ್ದು, ತೀರ್ಪುಗಾರರು ಒಂದೊಂದು ಹಾಳೆಯನ್ನು ಅರ್ಧ ನಿಮಿಷ ನೋಡುತ್ತಾರೆ. ಅರ್ಧ ನಿಮಿಷದಲ್ಲಿ ಗೆಲ್ಲುವುದು ಅಂಚಿನವರೆಗೆ ಬಣ್ಣ ತುಂಬಿದ, ಗೆರೆ ಮೀರದ, ದೂರದಿಂದ ಹೊಳೆಯುವ ಚಿತ್ರ. ಹಾಗಾಗಿ ನಾವು ಮಕ್ಕಳಿಗೆ ಒಂದು ಸೀನರಿಯನ್ನು ಬಾಯಿಪಾಠ ಮಾಡಿಸುತ್ತೇವೆ. ವಿಷಯ 'ನನ್ನ ಹಳ್ಳಿ' ಬಂದರೂ ಸರಿ, 'ಪರಿಸರ ಸಂರಕ್ಷಣೆ' ಬಂದರೂ ಸರಿ, ಅದನ್ನೇ ಸ್ವಲ್ಪ ತಿರುಗಿಸಿ ಬರೆಯಬಹುದು. ಚಿತ್ರಕಲೆಯ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕೂರಿಸುವಾಗ ಅಳತೆ, ನೆರಳು, ಅಕ್ಷರ ವಿನ್ಯಾಸ ಎಂದು ಶಿಸ್ತು ಕಲಿಸಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ. ಆ ಶಿಸ್ತನ್ನು ಎಂಟು ವರ್ಷದ ಮಗುವಿನ ಲಾಂಚಿನ ಮೇಲೆ ಹೇರಿದ್ದಕ್ಕೆ ಮಾತ್ರ ನನ್ನ ತಕರಾರು ಇದೆ.

ಹೇರಿದವರಲ್ಲಿ ನಾನೂ ಒಬ್ಬ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾಗಿತ್ತು. ಮಂಗಳೂರಿನ ಕಡೆ ಬಳೆಯಂತೆ ಕಂಡ ಸೂರ್ಯ ನಮ್ಮ ಕಡೆಗೆ ಕುಡುಗೋಲಿನಂತೆ ಕಂಡಿದ್ದ. ಹೊಸ ವರ್ಷದ ಮೇಲೆ ನಮ್ಮ ಶಾಲೆಯಲ್ಲಿಯೂ ಇಂತಹುದೇ ಒಂದು ಪ್ರದರ್ಶನ. ಆರನೆಯ ತರಗತಿಯ ಹುಡುಗಿಯೊಬ್ಬಳು ಕೊಟ್ಟ ಹಾಳೆಯಲ್ಲಿ ಅಂಗಳ, ಬಾಗಿಲು ಹಾಕಿದ ಮನೆ, ಮೇಲೆ ಯಾರೋ ಕಚ್ಚಿ ತಿಂದ ರೊಟ್ಟಿಯಂತಹ ಸೂರ್ಯ ಇದ್ದವು. ತೂಗುಹಾಕುವ ಅವಸರದಲ್ಲಿ ನಾನು ಕುಂಚ ತೆಗೆದುಕೊಂಡು ಸೂರ್ಯನನ್ನು ಹಳದಿಯಿಂದ ಗುಂಡಗೆ ತುಂಬಿಬಿಟ್ಟೆ, ಉಪಕಾರ ಮಾಡಿದೆ ಎಂದೇ ತಿಳಿದಿದ್ದೆ. ಅವಳು ನೋಡಿ, 'ಸಾರ್, ಅದು ಗ್ರಹಣ' ಎಂದಷ್ಟೇ ಹೇಳಿದಳು. ಬಾಗಿಲು ಯಾಕೆ ಹಾಕಿತ್ತು ಎಂಬುದು ನನಗೆ ಆಗ ಹೊಳೆಯಿತು. ಪ್ರದರ್ಶನ ಮುಗಿದ ಮೇಲೆ ಎಲ್ಲ ಮಕ್ಕಳೂ ತಮ್ಮ ಹಾಳೆಗಳನ್ನು ಮನೆಗೆ ಒಯ್ದರು, ಅವಳು ಒಯ್ಯಲಿಲ್ಲ. ಅದು ಈಗಲೂ ನನ್ನ ಬೀರುವಿನಲ್ಲಿದೆ.

ಸ್ವಲ್ಪ ಬೇರೆ ಮಾತು, ಆದರೆ ಹೇಳಿಬಿಡುತ್ತೇನೆ: ಸ್ಕೆಚ್ ಪೆನ್ನಿನಲ್ಲಿ ಬರೆದ ಚಿತ್ರಗಳನ್ನು ಕಿಟಕಿಯ ಎದುರು ಕಟ್ಟಬೇಡಿ, ಬಿಸಿಲಿಗೆ ಬಣ್ಣ ಹಾರಿಹೋಗುತ್ತದೆ. ಮಳೆಗಾಲದಲ್ಲಿ ಕಟ್ಟಿಟ್ಟ ಹಾಳೆಗಳಿಗೆ ನಮ್ಮ ಕಡೆ ಬೂಷ್ಟು ಹಿಡಿಯುವುದಂತೂ ಖಂಡಿತ. ಹೊಳೆಯಾಚೆಯವರು ಲಾಂಚಿನ ಚಿತ್ರವನ್ನು ಜೋಪಾನವಾಗಿ ಇಡಬೇಕೆಂದಿದ್ದಾರೆ. ಇಡುವವರು ಮೊದಲು ಅದನ್ನು ಒಣಗಿದ ಜಾಗದಲ್ಲಿ ಇಡಲಿ.

ಇಬ್ಬರು ಮಕ್ಕಳ ತಾಯಿ · ಶನಿವಾರ ರಾತ್ರಿ

ಮೇಷ್ಟ್ರು ತಪ್ಪನ್ನು ಒಪ್ಪಿಕೊಂಡದ್ದು ದೊಡ್ಡತನ. ನಮ್ಮ ಕಡೆಯ ತಪ್ಪನ್ನೂ ಹೇಳುತ್ತೇನೆ. ಮಗಳ ಚಿತ್ರ ಪ್ರದರ್ಶನಕ್ಕಿದೆ ಎಂದು ತಿಳಿದ ರಾತ್ರಿ ನಾನೇ ಕುಳಿತು ಬಣ್ಣ 'ಸ್ವಲ್ಪ ನೀಟು' ಮಾಡಿದ್ದೆ. ಇಂದು ಅದು ಎದುರಿನ ಗೋಡೆಯಲ್ಲಿದೆ, ಹನ್ನೊಂದರಲ್ಲಿ ಒಂದು. ಅದರ ಎದುರು ನಿಲ್ಲಿಸಿ ಫೋಟೋ ತೆಗೆಯುವಾಗ ಮಗಳು ಚಿತ್ರದ ಕಡೆಗೆ ನೋಡಲೇ ಇಲ್ಲ.

ಅಭಿಪ್ರಾಯ ಪುಸ್ತಕವನ್ನು ತಿರುವಿದೆ. 'ತುಂಬಾ ಚೆನ್ನಾಗಿದೆ', 'ಅದ್ಭುತ', 'ಮಕ್ಕಳಿಗೆ ಶುಭವಾಗಲಿ' ಎಂಬವೇ ಸಾಲಾಗಿವೆ. ಯಾವ ಚಿತ್ರ, ಯಾವುದು ಚೆನ್ನಾಗಿದೆ ಎಂದು ಒಬ್ಬರೂ ಬರೆದಿಲ್ಲ. ಇನ್ನೊಂದು ವಿನಂತಿ: ಚಿತ್ರಗಳ ಫೋಟೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕುವವರು ಕೆಳಗಿನ ಚೀಟಿಯಲ್ಲಿರುವ ಮಗುವಿನ ಹೆಸರು, ತರಗತಿ, ಊರುಗಳನ್ನು ಬಿಟ್ಟು ಹಾಕಿ.

ಹಸೆಗೋಡೆ · ಭಾನುವಾರ ಬೆಳಿಗ್ಗೆ

ಎಲ್ಲರೂ ನಕಲನ್ನು ಬೈಯುತ್ತಿದ್ದೀರಿ. ನಾನು ನಕಲಿನ ಪರವಾಗಿ ಮಾತನಾಡಲು ಬಂದಿದ್ದೇನೆ.

ನಾನು ದೀವರ ಮನೆಯವಳು. ನಮ್ಮ ಸಮುದಾಯದವರು ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ನನಗೆ ಯಾರೂ ಪಾಠ ಹೇಳಿ ಕಲಿಸಲಿಲ್ಲ, ಅಮ್ಮನ ಪಕ್ಕದಲ್ಲಿ ಕುಳಿತು ನೋಡಿ ನಕಲು ಮಾಡಿದೆ. ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿಯನ್ನೇ ಸೀಯುವಂತೆ ಹುರಿದು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ ಇಷ್ಟನ್ನು ಹಿಡಿದು ಅಮ್ಮ ಗೆರೆ ಎಳೆಯುತ್ತಿದ್ದಳು. ಮೊದಲ ವರ್ಷ ನನಗೆ ಕೊಟ್ಟದ್ದು ಬಟ್ಟಲು ಹಿಡಿಯುವ ಕೆಲಸ. ಆಮೇಲೆ ಅಂಚಿನ ಚುಕ್ಕಿ. ಪೈರು ಹೊತ್ತ ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವಾಗ ಒಂದು ಮಗ್ಗುಲನ್ನು ನನಗೆ ಬಿಟ್ಟಳು. ಅವಳು ಬರೆದ ಮಗ್ಗುಲನ್ನು ನೋಡಿ ಹಾಗೆಯೇ ಬರೆದೆ, ಆದರೆ ಬುಟ್ಟಿ ಗುಂಡಗಿರುವುದರಿಂದ ಅವಳ ಗೆರೆಯೂ ನನ್ನ ಗೆರೆಯೂ ಕೂಡುವಲ್ಲಿ ಒಂದು ಬೆರಳು ಜಾಗ ಹೆಚ್ಚಾಯಿತು. ಅಲ್ಲಿ ಏನು ಬರೆಯಲಿ ಎಂದು ಕೇಳಿದರೆ 'ನಿಂಗೆ ಕಂಡಿದ್ದು ಬರಿ' ಎಂದಳು. ನಾನು ಬರೆದ ಮೊದಲ ಸ್ವಂತ ಚಿತ್ರ ಆ ಒಂದು ಬೆರಳಿನಷ್ಟೇ ಅಗಲ. ಒಂದು ಬತ್ತದ ಸಸಿ.

ನಮ್ಮ ಊರಿನಲ್ಲಿ ಗುಡಿಗಾರರು ಗಂಧದ ಕೆತ್ತನೆಯನ್ನು ಕಲಿತದ್ದೂ ಹಿರಿಯರ ಉಳಿ ಹೋದ ದಾರಿಯಲ್ಲೇ. ಆದ್ದರಿಂದ ನಕಲು ಮಾಡಿದ್ದಕ್ಕೆ ಆ ಹನ್ನೊಂದು ಮಕ್ಕಳನ್ನು ನಾನು ದೂರುವುದಿಲ್ಲ. ಅವರು ಯಾರ ಕೈಯನ್ನು ನೋಡಿ ನಕಲು ಮಾಡಿದರು ಎಂದು ಕೇಳುತ್ತೇನೆ. ಕ್ಯಾಲೆಂಡರಿಗೆ ಕೈ ಇಲ್ಲ, ಮೊಬೈಲಿನಲ್ಲಿ ಬಂದ ಚಿತ್ರಕ್ಕೂ ಕೈ ಇಲ್ಲ. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಉಸಿರು ಬಿಗಿಹಿಡಿಯಬೇಕು ಎಂಬುದನ್ನು ಅವು ತೋರಿಸುವುದಿಲ್ಲ, ಒಂದು ಬೆರಳು ಜಾಗವನ್ನೂ ಬಿಟ್ಟುಕೊಡುವುದಿಲ್ಲ.

ಅದೇ ಪ್ರದರ್ಶನದಲ್ಲಿ ಬಲಗಡೆಯ ಕಂಬದ ಹತ್ತಿರ ಕಪ್ಪು ಚಾರ್ಟಿನ ಮೇಲೆ ಬಿಳಿ ಫ್ಯಾಬ್ರಿಕ್ ಪೇಂಟಿನಲ್ಲಿ ಬರೆದ ಚಿತ್ತಾರ ಒಂದಿದೆ. ಅದಕ್ಕೆ ಎರಡನೆಯ ಬಹುಮಾನ. ನಮ್ಮ ಮನೆತನದ ಕಲೆಗೆ ಬಹುಮಾನ ಬಂದದ್ದಕ್ಕೆ ಸಂತೋಷಪಟ್ಟು ಹತ್ತಿರ ಹೋದೆ. ಗೆರೆಗಳನ್ನೆಲ್ಲ ಸ್ಕೇಲ್ ಇಟ್ಟು ಎಳೆದಿದ್ದಾರೆ. ಅಮ್ಮ ಇದ್ದಿದ್ದರೆ ನಗುತ್ತಿದ್ದಳು, ಯಾಕೆಂದರೆ ಸ್ಕೇಲ್ ಇಲ್ಲದೆ ನೆಟ್ಟಗೆ ಎಳೆಯುವುದಕ್ಕಾಗಿಯೇ ಅಷ್ಟು ವರ್ಷ ಚುಕ್ಕಿ ಇಡಿಸುವುದು.

ಬೆಂಗಳೂರಿನಿಂದ ಒಬ್ಬ · ಭಾನುವಾರ ಬೆಳಿಗ್ಗೆ

ಹಸೆಗೋಡೆಯವರ ಮಾತನ್ನು ಎರಡು ಸಲ ಓದಿದೆ. 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ತಪ್ಪದೆ ಹೋಗುವ ನಾನು ರಸ್ತೆಯ ಅಂಚಿನಲ್ಲಿ ಮಾರಲು ಇಟ್ಟ ಸಾಲು ಸಾಲು ಕುದುರೆ, ಬುದ್ಧ, ಗಣಪತಿಗಳನ್ನು ನೋಡುವಾಗ ನೆನಪಿಗೆ ಬರುವುದು ಈ ಸೀನರಿಯೇ. ದೊಡ್ಡವರಿಗೆ ಅದು ಹೊಟ್ಟೆಪಾಡು, ಮಾರಿಹೋಗುವುದನ್ನು ಬರೆಯುತ್ತಾರೆ. ಎಂಟು ವರ್ಷದವರಿಗೆ ಮಾರುವ ಕಷ್ಟವೇನೂ ಇಲ್ಲವಲ್ಲ ಎಂಬುದಷ್ಟೇ ನನ್ನ ಸಂಕಟ.

ಅಡಿಕೆ ತೋಟದವ · ಭಾನುವಾರ ಸಂಜೆ

ಹೊಳೆಯಾಚೆಯವರ ಪ್ರಶ್ನೆ ರಾತ್ರಿಯೆಲ್ಲ ಕೊರೆಯಿತು. ಇಲ್ಲ, ನಾನು ಮಗುವನ್ನು ಮಾತನಾಡಿಸಿರಲಿಲ್ಲ. ಮಗುವಿನ ಪರವಾಗಿ ಸಿಟ್ಟು ಮಾಡಿಕೊಂಡವನು ಮಗುವನ್ನೇ ಕೇಳದೆ ಮನೆಗೆ ಬಂದಿದ್ದೆ. ಇಂದು ಮೂರು ಗಂಟೆಗೆ ಪುನಃ ಹೋದೆ. ಅಲ್ಲಿದ್ದ ಶಿಕ್ಷಕಿಯೊಬ್ಬರನ್ನು ವಿಚಾರಿಸಿದಾಗ, ಬೆಂಚಿನ ಮೇಲೆ ಕುಳಿತು ಚಕ್ಕುಲಿ ತಿನ್ನುತ್ತಿದ್ದ ಮೂರನೆಯ ತರಗತಿಯ ಹುಡುಗನನ್ನು ತೋರಿಸಿದರು.

ಚೆನ್ನಾಗಿದೆ ಎಂದು ಹೇಳಬಾರದು ಎಂದು ಮನಸ್ಸು ಮಾಡಿಕೊಂಡೇ ಹೋಗಿದ್ದೆ. 'ಇದರಲ್ಲಿ ಯಾರ್ಯಾರು ಇದ್ದಾರೆ ಹೇಳು ತಮ್ಮಾ' ಎಂದೆ. ಬಸ್ಸಿನೊಳಗಿನ ಮೊಣಕಾಲುಗಳಿಗೆಲ್ಲ ಹೆಸರಿತ್ತು. ಕೋಳಿ ಮಾವನ ಮನೆಯ ಹಬ್ಬಕ್ಕೆ ಒಯ್ಯುವುದಾಗಿತ್ತು. ಆಮೇಲೆ ಆಚೆ ದಡಕ್ಕೆ ಬೆರಳಿಟ್ಟು, ಇವರು ಯಾಕೆ ತಲೆಕೆಳಗೆ ನಿಂತಿದ್ದಾರೆ ಎಂದು ಕೇಳಿದೆ. ನಾನು ಏನು ಕೇಳುತ್ತಿದ್ದೇನೆ ಎಂಬುದೇ ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಚಕ್ಕುಲಿಯನ್ನು ಬೆಂಚಿನ ಮೇಲಿಟ್ಟು, ಕ್ಲಿಪ್ ತೆಗೆದು, ಹಾಳೆಯನ್ನು ನೆಲದ ಮೇಲೆ ಹಾಸಿದ. 'ಈ ಕಡೆಗೆ ಬನ್ನಿ' ಎಂದು ನನ್ನನ್ನು ಹಾಳೆಯ ಇನ್ನೊಂದು ಮಗ್ಗುಲಿಗೆ ಕರೆದ. ನಾನು ಸುತ್ತು ಹಾಕಿ ಹೋಗಿ ನಿಂತೆ. ಆಚೆ ದಡದವರೆಲ್ಲ ನೆಟ್ಟಗಾದರು. ಹಸಿರು ಸೀರೆ ಉಟ್ಟು ಕೈ ಎತ್ತಿ ನಿಂತವಳು ಅವನ ಅಜ್ಜಿಯಂತೆ. 'ಅಜ್ಜಿಗೆ ನಾವು ಉಲ್ಟಾ ಕಾಣ್ತೀವಿ' ಎಂದ.

ಅವನು ಚಿತ್ರವನ್ನು ಬರೆದದ್ದೂ ನೆಲದ ಮೇಲೆಯೇ, ಹಾಳೆಯ ಸುತ್ತ ತಿರುಗುತ್ತ. ಗೋಡೆಗೆ ಕಟ್ಟಿದಾಗ ಅಜ್ಜಿ ತಲೆಕೆಳಗಾಗಿದ್ದಾಳೆ. ಕೆಂಪು ಪೆನ್ನಿನ ಬರಹದ ಬಗ್ಗೆ ಕೇಳಿದೆ. ಅದು ತನಗೆ ಬರೆದದ್ದು ಎಂದು ಅವನಿಗೆ ಗೊತ್ತೇ ಇರಲಿಲ್ಲ, ಕೂಡಕ್ಷರ ಓದುವುದು ಅವನಿಗೆ ಇನ್ನೂ ಕಷ್ಟವಂತೆ. ಅಷ್ಟರಮಟ್ಟಿಗೆ ಸಮಾಧಾನವಾಯಿತು.

ಹಸೆಗೋಡೆಯವರೇ, ನಿಮ್ಮ ಮಾತನ್ನು ತಲೆಯಲ್ಲಿಟ್ಟುಕೊಂಡು ಎದುರಿನ ಗೋಡೆಯನ್ನೂ ಇನ್ನೊಮ್ಮೆ ನೋಡಿದೆ. ಹನ್ನೊಂದರಲ್ಲಿ ಒಂದು ಸೀನರಿಯ ತೆಂಗಿನ ಮರದ ಬುಡದಲ್ಲಿ, ಅಕ್ಕಿಕಾಳಿನಷ್ಟು ದೊಡ್ಡದಾಗಿ, ಬಾಲ ಎತ್ತಿದ ಮಂಗವೊಂದು ಕುಳಿತಿದೆ. ನಿನ್ನೆ ಎಣಿಸುವ ಸಿಟ್ಟಿನಲ್ಲಿ ಅದು ನನಗೆ ಕಾಣಲಿಲ್ಲ.

ಇಬ್ಬರು ಮಕ್ಕಳ ತಾಯಿ · ಭಾನುವಾರ ರಾತ್ರಿ

ಆ ಮಂಗ ನನ್ನ ಮಗಳದ್ದು. ನಾನು ಬಣ್ಣ ತುಂಬಿ ಮಲಗಿದ ಮೇಲೆ ಸೇರಿಸಿದ್ದಾಳೆ. ನನಗೂ ಈಗಲೇ ಗೊತ್ತಾಗಿದ್ದು.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು · ಭಾನುವಾರ ರಾತ್ರಿ

ಸಂಘಟಕರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಈಗಷ್ಟೇ ಫೋನಿನಲ್ಲಿ ಮಾತನಾಡಿದೆ. ಮುಂದಿನ ವರ್ಷ ನಾಲ್ಕನೆಯ ತರಗತಿಯವರೆಗಿನ ಚಿತ್ರಗಳನ್ನು ಗೋಡೆಗೆ ಕಟ್ಟದೆ, ಸಭಾಂಗಣದ ನಡುವೆ ತಗ್ಗು ಬೆಂಚುಗಳನ್ನು ಜೋಡಿಸಿ ಅವುಗಳ ಮೇಲೆ ಹಾಸುವುದೆಂದು, ಸುತ್ತಲೂ ಓಡಾಡಲು ಮೂರು ಅಡಿ ಜಾಗ ಬಿಡುವುದೆಂದು ಒಪ್ಪಿದ್ದಾರೆ. ಚಿಕ್ಕವರಿಗೆ ಬಹುಮಾನ ಬೇಡ ಎಂದೆ, ಅದಕ್ಕೆ ಮಾತ್ರ ಒಪ್ಪಲಿಲ್ಲ. ಬಹುಮಾನವಿಲ್ಲದಿದ್ದರೆ ಪೋಷಕರು ಬರುವುದಿಲ್ಲವಂತೆ. ಹಸೆಗೋಡೆಯವರು ಒಪ್ಪುವುದಾದರೆ ಒಂದು ಮೂಲೆಗೆ ಕೆಮ್ಮಣ್ಣು ಬಳಿದು ಇಡಿಸುತ್ತೇನೆ.

ಹಸೆಗೋಡೆ · ಭಾನುವಾರ ರಾತ್ರಿ

ಬರುತ್ತೇನೆ ಮೇಷ್ಟ್ರೇ. ಪುಂಡಿ ನಾರನ್ನು ನಾನೇ ತರುತ್ತೇನೆ, ಅಕ್ಕಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿಸಿ. ಸ್ಕೇಲುಗಳನ್ನು ಮಾತ್ರ ಬಾಗಿಲಲ್ಲೇ ಇಸಿದುಕೊಳ್ಳಿ.